ಬಿಳಿಯ ಜಾಗ: ಮಾಗಡಿ ಕೆರೆಯ ಹೆಬ್ಬಾತುಗಳನ್ನು ಜಲವರ್ಣದಲ್ಲಿ ಬರೆದ ಒಂದು ನಲಿ-ಕಲಿ ತರಗತಿಯ ಪ್ರಕರಣ ಅಧ್ಯಯನ

ಸನ್ನಿವೇಶ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ (ಬೆಂಗಳೂರಿನ ಹತ್ತಿರದ ಮಾಗಡಿ ಬೇರೆ) ಚಳಿಗಾಲ ಕಾಲಿಡುತ್ತಿದ್ದಂತೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್ ಮತ್ತು ಲಡಾಖಿನ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ಹಗಲಿನ ಬಹುಪಾಲನ್ನು ಕೆರೆಯಲ್ಲಿ ಮತ್ತು ಅದರ ದಂಡೆಯಲ್ಲಿ ಕಳೆದು, ಬಿಸಿಲು ಇಳಿದ ಮೇಲೆ ಹಾಗೂ ನಸುಕಿನಲ್ಲಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಮಳೆನೀರನ್ನು ಹಿಡಿದಿಟ್ಟು ನೀರಾವರಿಗೆ ಬಳಸಲೆಂದು ಕಟ್ಟಿದ, ಸುಮಾರು 50 ಹೆಕ್ಟೇರ್ ವಿಸ್ತಾರದ ಈ ಕೆರೆಯು 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ, ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಆ ಬಳಿಕ ಸುತ್ತಲಿನ ಊರುಗಳ ಶಾಲೆಗಳಲ್ಲಿ ಹಕ್ಕಿಯ ಮಾತು ಹೆಚ್ಚಾಗಿದೆ; ಫೆಬ್ರುವರಿ 2ರಂದು ಬರುವ ವಿಶ್ವ ಜೌಗುಭೂಮಿ ದಿನಕ್ಕೆ ಮಕ್ಕಳಿಂದ ಏನಾದರೂ ಮಾಡಿಸಬೇಕೆಂಬ ಉತ್ಸಾಹವೂ ಹುಟ್ಟಿಕೊಂಡಿದೆ.

ಇಲ್ಲಿ ದಾಖಲಿಸುತ್ತಿರುವ ಪ್ರಕರಣ ಅಂಥದೇ ಒಂದು ಉತ್ಸಾಹದಿಂದ ಆರಂಭವಾಯಿತು. ಕೆರೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ನಲಿ-ಕಲಿ ತರಗತಿಯಲ್ಲಿ, ಎಂದರೆ 1ರಿಂದ 3ನೇ ತರಗತಿಯವರೆಗಿನ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಒಟ್ಟಿಗೆ ಕುಳಿತು ಕಲಿಯುವ ಕೋಣೆಯಲ್ಲಿ, ಹೆಬ್ಬಾತುಗಳನ್ನು ಜಲವರ್ಣದಲ್ಲಿ ಬರೆಯಿಸುವುದೆಂದು ತೀರ್ಮಾನವಾಯಿತು. ತರಗತಿಯ ಶಿಕ್ಷಕಿ ಚಿತ್ರಕಲೆಯಲ್ಲಿ ತರಬೇತಿ ಪಡೆದವರಲ್ಲ. ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವ ನನ್ನನ್ನು ಅವರು ಜೊತೆಗೆ ಕರೆದರು. ಪಾಠವನ್ನು ಮಾತ್ರ ಉದ್ದಕ್ಕೂ ಅವರೇ ನಡೆಸಿದರು. ಮಕ್ಕಳ ವಯಸ್ಸು ಆರರಿಂದ ಎಂಟು. ಅವರಲ್ಲಿ ಹೆಚ್ಚಿನವರು ಅದುವರೆಗೆ ಕುಂಚ ಹಿಡಿದವರಲ್ಲ, ಆದರೆ ಹೆಬ್ಬಾತನ್ನು ಕಾಣದವರು ಒಬ್ಬರೂ ಇರಲಿಲ್ಲ. ಹೊಲದಲ್ಲಿ ಮೊಳೆತ ಕಡಲೆಯನ್ನು ಅವು ಕಿತ್ತು ತಿನ್ನುತ್ತವೆಂಬ ದೂರನ್ನು ಮನೆಯಲ್ಲಿ ಕೇಳಿ ಬೆಳೆದ ಮಕ್ಕಳಿವರು.

ಮೊದಲ ಚಿತ್ರಗಳು

ಯಾವ ಸೂಚನೆಯನ್ನೂ ಕೊಡದೆ ಮೊದಲು ಒಂದು ಚಿತ್ರ ಬರೆಯಿಸಲಾಯಿತು. ಬಂದದ್ದು ನಿರೀಕ್ಷಿಸಿದ್ದೇ. ಎರಡು ಗುಡ್ಡ, ಅವುಗಳ ನಡುವೆ ಸೂರ್ಯ, ಕೆಳಗೆ ನೀಲಿ ನೀರು, ನೀರಿನ ಮೇಲೆ 2ರ ಅಂಕಿಯನ್ನು ತಿದ್ದಿ ಮಾಡಿದ ಬಾತುಕೋಳಿಗಳ ಸಾಲು. ಮಾಗಡಿಯ ಸುತ್ತ ಕಣ್ಣಳತೆಯಲ್ಲಿ ಅಂಥ ಗುಡ್ಡಗಳಿಲ್ಲ. ಕೆರೆಯ ನೀರು ಜನವರಿಯಲ್ಲಿ ನೀಲಿಯಾಗಿರುವುದೂ ಅಪರೂಪ. ಆದರೂ ಇದನ್ನು ಮಕ್ಕಳ ತಪ್ಪೆಂದು ನೋಡುವುದು ಸರಿಯಲ್ಲ. ಮಕ್ಕಳ ಚಿತ್ರಗಳು ಬೆಳೆಯುವ ಬಗೆಯನ್ನು ಹಂತಹಂತವಾಗಿ ವಿವರಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಅವರು ಏಳರಿಂದ ಒಂಬತ್ತರವರೆಗಿನ ವಯಸ್ಸನ್ನು, ಮಗು ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಒಂದು ಸ್ಥಿರ ಮಾದರಿಯನ್ನು ಕಟ್ಟಿಕೊಂಡು ಅದನ್ನೇ ಮತ್ತೆ ಮತ್ತೆ ಬಳಸುವ ಘಟ್ಟವೆಂದು ಗುರುತಿಸಿದ್ದಾರೆ. ನೀರಿನೊಳಗಿನ ಕಾಲುಗಳು ಚಿತ್ರದಲ್ಲಿ ಹೊರಗೆ ಕಾಣುವುದು, ಹಕ್ಕಿಗಳೆಲ್ಲ ಒಂದೇ ಗೆರೆಯ ಮೇಲೆ ಸಾಲಾಗಿ ನಿಲ್ಲುವುದು ಇವೆಲ್ಲ ಆ ವಯಸ್ಸಿನ ಸಹಜ ಲಕ್ಷಣಗಳು. ಶಿಕ್ಷಕಿ ಅವುಗಳಲ್ಲಿ ಯಾವುದನ್ನೂ ತಿದ್ದಲಿಲ್ಲ. ಆ ತೀರ್ಮಾನ ಸರಿಯಾದದ್ದೆಂದು ನನ್ನ ಅಭಿಪ್ರಾಯ, ಏಕೆಂದರೆ ತೊಂದರೆ ಇದ್ದದ್ದು ಆಕಾರದಲ್ಲಲ್ಲ.

ತೊಂದರೆ ಇದ್ದದ್ದು ತಲೆಯಲ್ಲಿ. ಪಟ್ಟೆತಲೆ ಹೆಬ್ಬಾತನ್ನು ಗುರುತಿಸುವುದೇ ಅದರ ತಲೆಯಿಂದ: ಅಚ್ಚ ಬಿಳಿಯ ತಲೆ, ಅದರ ಹಿಂಭಾಗದಲ್ಲಿ ಒಂದರ ಕೆಳಗೊಂದು ಎರಡು ಕಪ್ಪು ಪಟ್ಟೆ, ಕಡುಬಣ್ಣದ ಕುತ್ತಿಗೆಯ ಪಕ್ಕದಲ್ಲಿ ತಲೆಯಿಂದ ಇಳಿದುಬರುವ ಒಂದು ಬಿಳಿ ಗೆರೆ. ಮೈ ತಿಳಿ ಬೂದು, ಕೊಕ್ಕು ಮತ್ತು ಕಾಲು ಹಳದಿಮಿಶ್ರಿತ ಕಿತ್ತಳೆ. ಮಕ್ಕಳಿಗೆ ಇದೆಲ್ಲವೂ ಗೊತ್ತಿತ್ತು, ಕೇಳಿದರೆ ಹೇಳುತ್ತಿದ್ದರು. ಆದರೆ ಹನ್ನೆರಡು ಬಿಲ್ಲೆಗಳ ಬಣ್ಣದ ಡಬ್ಬಿ ಕೈಗೆ ಬಂದ ಕೂಡಲೇ ಅವರು ಮೊದಲು ಇಡೀ ಹಕ್ಕಿಗೆ ಬೂದು ಬಳಿದು, ಆಮೇಲೆ ಡಬ್ಬಿಯಲ್ಲಿದ್ದ ಬಿಳಿ ಬಿಲ್ಲೆಯನ್ನು ಉಜ್ಜಿ ಉಜ್ಜಿ ತಲೆಯ ಮೇಲೆ ಹಚ್ಚಿದರು. ಕೆಳಗಿನ ಬೂದು ಇನ್ನೂ ಹಸಿಯಾಗಿದ್ದುದರಿಂದ ಬಿಳಿಯೂ ಬೂದಾಯಿತು. ಇನ್ನಷ್ಟು ಬಿಳಿ ಹಚ್ಚಿದರು. ತೆಳ್ಳನೆಯ ಡ್ರಾಯಿಂಗ್ ಪುಸ್ತಕದ ಹಾಳೆ ಮೊದಲು ಉಬ್ಬಿತು, ಆಮೇಲೆ ಅದರ ಮೇಲ್ಪದರ ಸಣ್ಣ ಸಣ್ಣ ಎಳೆಗಳಾಗಿ ಎದ್ದುಬಂತು, ಕೆಲವು ಕಡೆ ತೂತಾಯಿತು. ಅದರ ಮೇಲೆ ಕಪ್ಪು ಪಟ್ಟೆ ಎಳೆದಾಗ ಅದು ಹರಡಿ ಇಡೀ ತಲೆಯನ್ನು ನುಂಗಿತು. "ಅಕ್ಕೋರ, ನನ್ನ ಹಕ್ಕಿ ತಲಿನ ಕಾಣವಲ್ದ್ರೀ" ಎಂದು ಒಬ್ಬ ಹುಡುಗಿ ಹಾಳೆಯನ್ನು ಎತ್ತಿ ತಂದಳು. ಹಾಳೆಯ ಆ ಜಾಗದಲ್ಲಿ ನಿಜವಾಗಿಯೂ ಒಂದು ಒದ್ದೆ ಕಪ್ಪು ಕಲೆಯ ಹೊರತು ಬೇರೇನೂ ಇರಲಿಲ್ಲ.

ಬಿಳಿ ಎಂದರೆ ಏನು ಎಂಬ ಪ್ರಶ್ನೆ

ಜಲವರ್ಣದ ಮೂಲ ನಿಯಮ ಎಲ್ಲ ಕೈಪಿಡಿಗಳಲ್ಲೂ ಇದೆ: ಬಿಳಿ ಬೇಕಾದ ಕಡೆ ಕಾಗದವನ್ನು ಹಾಗೆಯೇ ಬಿಡಬೇಕು, ತಿಳಿಯಿಂದ ಗಾಢಕ್ಕೆ ಹೋಗಬೇಕು. ಪಾರದರ್ಶಕವಾದ ಬಣ್ಣದ ಪದರದ ಮೂಲಕ ಕಾಗದದ ಬಿಳುಪು ಕಾಣುವುದರಿಂದಲೇ ಈ ಮಾಧ್ಯಮಕ್ಕೆ ಹೊಳಪು. ಮಕ್ಕಳಿಗೆ ಇದನ್ನು ಮಾತಿನಲ್ಲಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು, ಮತ್ತೆ ಕುಂಚ ಹಿಡಿದಾಗ ಎಲ್ಲರೂ ಬಿಳಿ ಬಿಲ್ಲೆಗೇ ಕೈಹಾಕಿದರು. ಇದು ಹಟವಲ್ಲ, ಮರೆವೂ ಅಲ್ಲ. ಈ ಮಕ್ಕಳು ಗೆರೆ ಎಳೆಯಲು ಕಲಿತದ್ದು ಪಾಟಿಯ ಮೇಲೆ ಬಳಪದಿಂದ. ಮನೆಯಂಗಳದಲ್ಲಿ ನೋಡುವುದು ಸಗಣಿ ಸಾರಿಸಿದ ನೆಲದ ಮೇಲೆ ಬಿಳಿ ಪುಡಿಯ ರಂಗೋಲಿ. ಶಾಲೆಯಲ್ಲಿ ನೋಡುವುದು ಕರಿಹಲಗೆಯ ಮೇಲೆ ಸೀಮೆಸುಣ್ಣ. ಅವರ ಅನುಭವದಲ್ಲಿ ಬಿಳಿ ಎಂಬುದು ಯಾವಾಗಲೂ ಕೈಯಿಂದ ಹಾಕುವಂಥದು, ಕಪ್ಪು ಮೊದಲೇ ಅಲ್ಲಿರುವಂಥದು. ಜಲವರ್ಣವು ಈ ಕ್ರಮವನ್ನು ಪೂರ್ತಿ ತಿರುಗಿಸುತ್ತದೆ. ಐದನೆಯ ವಯಸ್ಸಿನಿಂದ ಬಿಳಿ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಪಟ್ಟಣದ ಮಕ್ಕಳಿಗೂ ಬಿಳಿಯನ್ನು ಬಿಡುವುದು ಕಷ್ಟವೇ, ಆದರೆ ಪಾಟಿಯ ಮಕ್ಕಳಿಗೆ ಇದು ಕಷ್ಟ ಮಾತ್ರವಲ್ಲ, ಕೈಗೆ ರೂಢಿಯಾದದ್ದಕ್ಕೆ ವಿರುದ್ಧ. ಈ ಪ್ರಕರಣದ ಮುಖ್ಯ ವಿಷಯ ಇದು ಎಂದು ನಾನು ಭಾವಿಸುತ್ತೇನೆ. ಮುಂದೆ ತರಗತಿಯಲ್ಲಿ ನಡೆದದ್ದೆಲ್ಲ ಈ ಒಂದು ತಿರುವನ್ನು ಮಾತಿನಿಂದಲ್ಲದೆ ಕೆಲಸದಿಂದ ದಾಟಿಸುವ ಪ್ರಯತ್ನ.

ಶಿಕ್ಷಕಿ ಮಾಡಿದ ಮೊದಲ ಬದಲಾವಣೆ ಸರಳವಾಗಿತ್ತು. ಎಲ್ಲ ಡಬ್ಬಿಗಳಿಂದ ಬಿಳಿ ಬಿಲ್ಲೆಯನ್ನು ತೆಗೆದು ಒಂದು ಬಟ್ಟಲಿನಲ್ಲಿ ಹಾಕಿ ಬೀರುವಿನಲ್ಲಿಟ್ಟರು. ಎರಡನೆಯದಾಗಿ ಪಾಟಿಯನ್ನೇ ಬಳಸಿಕೊಂಡರು. ಬಣ್ಣವಿಲ್ಲದೆ, ಬರಿಯ ನೀರಿನಲ್ಲಿ ಅದ್ದಿದ ಕುಂಚದಿಂದ ಒಣ ಪಾಟಿಯ ಮೇಲೆ ಹೆಬ್ಬಾತಿನ ಮೈಯನ್ನು ಒಂದೇ ಎಳೆತದಲ್ಲಿ ಬರೆಯಬೇಕು. ನೀರು ತಗುಲಿದ ಕಡೆ ಪಾಟಿ ಕಪ್ಪಗೆ ಹೊಳೆಯುತ್ತದೆ, ತಗುಲದ ಕಡೆ ಮಾಸಲಾಗಿಯೇ ಉಳಿಯುತ್ತದೆ. ಆಮೇಲೆ ತಲೆಯ ಜಾಗವನ್ನು ಬಿಟ್ಟು ಅದರ ಸುತ್ತ ಮಾತ್ರ ನೀರು ಹಚ್ಚಬೇಕು. ಹೊರಗಿನ ಒಣಹವೆಗೆ ಬರೆದದ್ದು ಕಣ್ಣೆದುರೇ ಮಾಯವಾಗುತ್ತಿತ್ತು, ಮತ್ತೆ ಬರೆಯಬಹುದಿತ್ತು. ಹಾಳೆ ಕೆಡುವ ಭಯವಿಲ್ಲದ್ದರಿಂದ ಆರು ವರ್ಷದವರೂ ಧಾರಾಳವಾಗಿ ಕೈಯಾಡಿಸಿದರು. ಕುಂಚವನ್ನು ಪೆನ್ಸಿಲಿನ ಹಾಗೆ ತುದಿಯಲ್ಲಿ ಬಿಗಿಹಿಡಿದು ಕೆರೆಯುವ ಅಭ್ಯಾಸ ತಪ್ಪಿದ್ದೂ ಇಲ್ಲಿಯೇ, ಏಕೆಂದರೆ ಹಾಗೆ ಹಿಡಿದರೆ ಪಾಟಿಯ ಮೇಲೆ ನೀರು ಕೂರುವುದಿಲ್ಲ. ಹೊಟ್ಟೆಯ ಕಡೆ ಕುಂಚವನ್ನು ಒತ್ತಿ ಮಲಗಿಸಬೇಕು, ಬಾಲದ ಕಡೆ ಎತ್ತಬೇಕು. ಈ ಒತ್ತುವುದು-ಎತ್ತುವುದನ್ನು ಕಲಿಸಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಕೆರೆ ಏರಿಯ ಮೇಲೆ

ನೋಡಿ ಬರೆಯಿಸುವುದಕ್ಕಾಗಿ ಮಕ್ಕಳನ್ನು ಕೆರೆಗೆ ಕರೆದೊಯ್ಯಲಾಯಿತು. ನಿಯಮಗಳು ಕಡಿಮೆ: ಏರಿಯಿಂದ ಕೆಳಗಿಳಿಯಬಾರದು, ಕೂಗಬಾರದು, ಕಲ್ಲು ಎತ್ತಬಾರದು. ಇದ್ದದ್ದು ಒಂದೇ ದುರ್ಬೀನು. ಅದಕ್ಕಾಗಿ ಜಗಳವಾಗಬಹುದೆಂದು ಅದನ್ನು ಅಂದು ಕೊನೆಯವರೆಗೆ ಚೀಲದಿಂದ ತೆಗೆಯಲೇ ಇಲ್ಲ. ಶಿಕ್ಷಕಿ ಕೇಳಿದ ಪ್ರಶ್ನೆಗಳು ಎರಡು. ಹಕ್ಕಿಯ ಮೈಯಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವ ಜಾಗ ಯಾವುದು? ಆ ಬಿಳಿಯ ಹಿಂದೆ ಏನಿದೆ?

ಎರಡನೆಯ ಪ್ರಶ್ನೆಯೇ ನಿಜವಾದ ಕೆಲಸ ಮಾಡಿತು. ಬಿಳಿ ತಲೆ ಕಣ್ಣಿಗೆ ಬೀಳುವುದು ಅದರ ಹಿಂದಿನ ನೀರು ಅದಕ್ಕಿಂತ ಕಪ್ಪಾಗಿರುವುದರಿಂದ ಎಂಬುದನ್ನು ಮಕ್ಕಳು ತಾವೇ ಹೇಳಿದರು, ಮತ್ತು ಒಣಗಿದ ಹುಲ್ಲಿನ ಮುಂದೆ ನಿಂತ ಹಕ್ಕಿಯ ತಲೆ ಅಷ್ಟು ಎದ್ದು ಕಾಣುವುದಿಲ್ಲ ಎಂಬುದನ್ನೂ ಒಬ್ಬ ಹುಡುಗ ತೋರಿಸಿದ. ಆ ಹೊತ್ತಿನಲ್ಲಿ ಕೆರೆಯ ನೀರು ಮಣ್ಣುಗಂದು, ಗಾಳಿಗೆ ಅಲೆಯೆದ್ದ ಕಡೆ ಮಾತ್ರ ಬೂದುನೀಲಿ. ಇನ್ನೊಂದು ಲಾಭವೂ ಆಯಿತು. ಹೆಚ್ಚಿನ ಹೆಬ್ಬಾತುಗಳು ನಿದ್ದೆಯಲ್ಲಿದ್ದವು, ಕತ್ತನ್ನು ಹಿಂದಕ್ಕೆ ತಿರುಗಿಸಿ ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ, ಒಂದು ಕಾಲಿನ ಮೇಲೆ ಅಥವಾ ನೆಲಕ್ಕೆ ಕುಸಿದು. ಹಾಗೆ ಮಲಗಿದ ಹೆಬ್ಬಾತಿಗೆ ಉದ್ದ ಕುತ್ತಿಗೆಯ ಕಷ್ಟವಿಲ್ಲ, ಕಾಲುಗಳ ಲೆಕ್ಕವಿಲ್ಲ. ಕವುಚಿಟ್ಟ ಗಡಿಗೆಯಂಥ ಬೂದು ಮೈ, ಅದರ ಮೇಲೊಂದು ಬಿಳಿಯ ತುಣುಕು, ಅದರಲ್ಲಿ ಎರಡು ಕಪ್ಪು ಗೀರು. ಪುಟ್ಟ ಮಕ್ಕಳಿಗೆ ಹಕ್ಕಿ ಬರೆಯಲು ಕಲಿಸುವವರು ಸಾಮಾನ್ಯವಾಗಿ ಪಕ್ಕದಿಂದ ನೋಡಿದ, ಕತ್ತೆತ್ತಿ ನಿಂತ ಭಂಗಿಯನ್ನೇ ಆರಿಸಿಕೊಳ್ಳುತ್ತಾರೆ, ಗೋಡೆಪಟಗಳಲ್ಲಿ ಹಾಗಿರುವುದರಿಂದ. ಮಲಗಿದ ಹಕ್ಕಿಯಿಂದ ಆರಂಭಿಸುವುದು ಎಷ್ಟೋ ಉತ್ತಮ. 2ರ ಅಂಕಿಯ ಬಾತು ಈ ಭಂಗಿಯಲ್ಲಿ ಕೆಲಸಕ್ಕೆ ಬಾರದ್ದರಿಂದ ಅದು ಯಾರೂ ಬೇಡವೆನ್ನದೆಯೇ ಚಿತ್ರಗಳಿಂದ ಬಿದ್ದುಹೋಯಿತು.

ಮೇಣದಬತ್ತಿ

ಕೋಣೆಗೆ ಮರಳಿದ ಮೇಲೆ ಎಂಟು ವರ್ಷದವರಲ್ಲಿ ಕೆಲವರು ತಲೆಯ ಸುತ್ತ ನೀರಿನ ಬಣ್ಣ ಹಚ್ಚಿ ಬಿಳಿಯನ್ನು ಉಳಿಸುವಷ್ಟು ಕೈಹಿಡಿತ ತೋರಿದರು. ಆರು ವರ್ಷದವರಿಗೆ ಅದು ಸಾಧ್ಯವಾಗಲಿಲ್ಲ. ಅವರ ಕುಂಚ ಗೆರೆ ದಾಟಿ ತಲೆಯ ಮೇಲೆ ಹರಿಯುತ್ತಿತ್ತು. ಚಿತ್ರಕಾರರು ಬಿಳಿಯನ್ನು ಕಾಯಲು ಬಳಸುವ ರಬ್ಬರಿನ ದ್ರಾವಣ ದುಬಾರಿ, ಅದರಲ್ಲಿ ಅಮೋನಿಯದ ಕಟು ವಾಸನೆ ಇರುತ್ತದೆ, ಪುಟ್ಟ ಮಕ್ಕಳ ಕೈಗೆ ಕೊಡುವಂಥದಲ್ಲ. ಅದಕ್ಕೆ ಬದಲಾಗಿ ಬಿಳಿ ಮೇಣದಬತ್ತಿಯ ತುಂಡುಗಳನ್ನು ಕೊಡಲಾಯಿತು. ಮೇಣ ಉಜ್ಜಿದ ಕಡೆ ನೀರು ನಿಲ್ಲುವುದಿಲ್ಲವಾದ್ದರಿಂದ ಅದರ ಮೇಲೆ ಎಷ್ಟು ಬಣ್ಣ ಹರಿದರೂ ಕಾಗದ ಬಿಳಿಯಾಗಿಯೇ ಉಳಿಯುತ್ತದೆ.

ಹೇಳುವಷ್ಟು ಸುಲಭವಾಗಿ ಇದು ನಡೆಯಲಿಲ್ಲ, ಮತ್ತು ಎಡವಿದ ಜಾಗಗಳು ಇಂಥ ಪಾಠ ಮಾಡುವ ಇತರರಿಗೆ ಉಪಯೋಗಕ್ಕೆ ಬರುವುದರಿಂದ ಅವನ್ನು ಬಿಡಿಸಿ ಬರೆಯುತ್ತೇನೆ. ಬಿಳಿ ಹಾಳೆಯ ಮೇಲೆ ಬಿಳಿ ಮೇಣ ಕಣ್ಣಿಗೆ ಕಾಣುವುದಿಲ್ಲ. ಎಲ್ಲಿ ಉಜ್ಜಿದೆ, ಎಲ್ಲಿ ಉಜ್ಜಿಲ್ಲ ಎಂದು ತಿಳಿಯದೆ ಮಕ್ಕಳು ಕೆಲವೆಡೆ ಹಾಳೆ ಹರಿಯುವಷ್ಟು ಒತ್ತಿದರು, ಕೆಲವೆಡೆ ಏನೂ ತಾಗಿಸಲಿಲ್ಲ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮೇಣ ಮಿನುಗುತ್ತದೆ ಎಂಬುದನ್ನು ತೋರಿಸಿಕೊಟ್ಟ ಮೇಲೆ ಆ ತೊಂದರೆ ತೀರಿತು; ಉಜ್ಜುವುದು, ಎತ್ತಿ ನೋಡುವುದು, ಮತ್ತೆ ಉಜ್ಜುವುದು ಅವರಿಗೆ ಒಂದು ಆಟವೇ ಆಯಿತು.

ಎರಡನೆಯ ತೊಂದರೆ ಹೆಚ್ಚು ಗಟ್ಟಿಯಾದದ್ದು. ತಲೆ ಬಿಳಿಯಾಗಿ ಉಳಿಯಿತು, ಆದರೆ ಅದರ ಮೇಲೆ ಕಪ್ಪು ಪಟ್ಟೆಗಳನ್ನು ಎಳೆಯಹೋದಾಗ ಬಣ್ಣ ಸಣ್ಣ ಹನಿಗಳಾಗಿ ಒಡೆದು ಜಾರಿತು. ಬಿಳಿಯನ್ನು ಕಾಯುವ ಮೇಣ ಪಟ್ಟೆಯನ್ನೂ ತಡೆಯುತ್ತದೆ. ಮಕ್ಕಳು ಒಂದರ ಮೇಲೊಂದು ಕಪ್ಪು ಹಚ್ಚಿ ಕೊನೆಗೆ ಮೇಣದ ಬದಿಗಳಲ್ಲಿ ಕೆಸರು ಕಟ್ಟಿಕೊಂಡರು. ಪರಿಹಾರ ಸಿಕ್ಕಿದ್ದು ಕೆಲಸದ ಅನುಕ್ರಮವನ್ನು ಬದಲಿಸಿದಾಗ. ಮೊದಲು ಕಪ್ಪು ಕ್ರೆಯಾನಿನಿಂದ ಎರಡು ಪಟ್ಟೆ ಮತ್ತು ಕಣ್ಣು. ಕ್ರೆಯಾನೂ ಮೇಣವೇ ಆದ್ದರಿಂದ ನೀರಿಗೆ ಕದಲುವುದಿಲ್ಲ. ಅದಾದ ಮೇಲೆ ಸುತ್ತಲಿನ ಬಿಳಿಗೆ ಮೇಣದಬತ್ತಿ, ಉಜ್ಜುವ ಕೈ ಬಿಳಿಯ ಕಡೆಯಿಂದ ಪಟ್ಟೆಯ ಅಂಚಿನವರೆಗೆ ಮಾತ್ರ ಬರಬೇಕು, ಪಟ್ಟೆಯ ಮೇಲೆ ಹಾಯ್ದರೆ ಕಪ್ಪು ಮಸಿ ಬಿಳಿಗೆ ಹತ್ತುತ್ತದೆ. ಕುತ್ತಿಗೆಯ ಪಕ್ಕದ ಬಿಳಿ ಗೆರೆಗೆ ಮೇಣದಬತ್ತಿಯ ಅಂಚಿನಿಂದ ಒಂದೇ ಎಳೆತ. ಇಷ್ಟಾದ ಮೇಲೆಯೇ ಕುಂಚ ಮತ್ತು ನೀರು. ಹಾಗೆ ನೋಡಿದರೆ ಹಕ್ಕಿಯ ಅತ್ಯಂತ ಗಾಢವಾದ ಭಾಗ ಮೊದಲು ಬಂತು, ತಿಳಿಯಿಂದ ಗಾಢಕ್ಕೆ ಎಂಬ ನಿಯಮ ಮುರಿಯಿತು. ಬೇರೆ ಬೇರೆ ಸಾಧನಗಳು ಸೇರಿದಾಗ ಅನುಕ್ರಮವನ್ನು ನಿರ್ಧರಿಸುವುದು ನೀರಿಗೆ ಯಾವುದು ಕದಲುತ್ತದೆ, ಯಾವುದು ಕದಲುವುದಿಲ್ಲ ಎಂಬುದೇ ಹೊರತು ಪುಸ್ತಕದ ನಿಯಮವಲ್ಲ.

ಕುಂಚ ಹರಿದಾಗ ಆದ ಸಂತೋಷವನ್ನು ಹೇಳದೆ ಹೋದರೆ ವರದಿ ಅಪೂರ್ಣ. ಕಂದು ನೀರು ಹಾಳೆಯ ಮೇಲೆ ಹರಡುತ್ತ ಹೋದಂತೆ, ತಾವೇ ಉಜ್ಜಿ ಮರೆತಿದ್ದ ತಲೆ ನಡುವಿನಿಂದ ಬೆಳ್ಳಗೆ ಮೂಡಿಬಂದಾಗ ಮಕ್ಕಳು ಎದ್ದು ನಿಂತು ಪಕ್ಕದವರನ್ನು ಕರೆದರು. ಬಿಳಿಯನ್ನು ಬಿಡಬೇಕೆಂದು ಅವರಿಗೆ ಆಮೇಲೆ ಮತ್ತೆ ಹೇಳಬೇಕಾಗಲಿಲ್ಲ. ಕೆಲವು ದಿನಗಳ ನಂತರ ಬೆಳ್ಳಕ್ಕಿ ಬರೆಯಲು ಕೊಟ್ಟಾಗ ಬಹುತೇಕ ಮಕ್ಕಳು ಕೇಳದೆಯೇ ಹಿನ್ನೆಲೆಯ ಹಸಿರಿನಿಂದ ಆರಂಭಿಸಿದರು.

ಬೂದು ಬಣ್ಣ ಮತ್ತು ಒಣ ಗಾಳಿ

ಡಬ್ಬಿಯ ಕಪ್ಪಿಗೆ ನೀರು ಬೆರೆಸಿದರೆ ಬರುವ ಬೂದು ಸತ್ತಂತಿರುತ್ತದೆ. ಗಾಢ ನೀಲಿಗೆ ಇಟ್ಟಿಗೆಗಂದು ಸೇರಿಸಿದರೆ ಬರುವ ಬೂದಿನಲ್ಲಿ ಜೀವ ಇರುತ್ತದೆ. ಕಂದು ಎಂಬುದು ಮಬ್ಬುಗೊಂಡ ಕಿತ್ತಳೆ. ಬಣ್ಣಚಕ್ರದಲ್ಲಿ ಕಿತ್ತಳೆ ಮತ್ತು ನೀಲಿ ಎದುರುಬದುರಾಗಿರುವುದರಿಂದ ಬೆರೆತಾಗ ಒಂದರ ತೀವ್ರತೆಯನ್ನು ಇನ್ನೊಂದು ತಗ್ಗಿಸುತ್ತದೆ. ಮಕ್ಕಳಿಗೆ ಈ ವಿವರಣೆ ಬೇಕಿರಲಿಲ್ಲ. ನೀಲಿ ಹೆಚ್ಚಾದರೆ ಕೆರೆಯ ಬೂದು, ಕಂದು ಹೆಚ್ಚಾದರೆ ಹಕ್ಕಿಯ ಪಕ್ಕೆಯ ಬೂದು ಎಂದು ತಾವೇ ಹೆಸರಿಟ್ಟುಕೊಂಡರು. ಕೊಕ್ಕಿನ ಬಣ್ಣಕ್ಕೆ ಹಳದಿಗೆ ಒಂದು ತೊಟ್ಟು ಕೆಂಪು ಸಾಕೆಂಬುದನ್ನೂ ಬೇಗ ಕಂಡುಕೊಂಡರು. ಕಪ್ಪು ಬಿಲ್ಲೆಯೂ ಹೀಗೆ ನಿರುಪಯೋಗವಾಗಿ ಬೀರುವಿಗೆ ಸೇರಿತು.

ಹವೆಯ ಪಾತ್ರ ಇದಕ್ಕಿಂತ ದೊಡ್ಡದು. ಜಲವರ್ಣದ ಹೆಚ್ಚಿನ ಕೈಪಿಡಿಗಳು ತಂಪಾದ, ತೇವದ ದೇಶಗಳಿಂದ ಬಂದವು. ಚಳಿಗಾಲದಲ್ಲಿ ಹಾಳೆ ಒಣಗಲು ಎಷ್ಟು ಕಾಯಬೇಕೆಂಬುದೇ ಅವುಗಳ ಚಿಂತೆ. ನಮ್ಮ ಬಯಲುಸೀಮೆಯ ಜನವರಿಯಲ್ಲಿ ಆಗುವುದು ತದ್ವಿರುದ್ಧ. ಮೂಡಣದ ಒಣಗಾಳಿ ಬೀಸುವ ಮಧ್ಯಾಹ್ನಗಳಲ್ಲಿ, ಮಗು ಒಂದು ಬಣ್ಣ ಹಚ್ಚಿ ಇನ್ನೊಂದನ್ನು ಕುಂಚಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಮೊದಲನೆಯದು ಒಣಗಿ ಗಟ್ಟಿ ಅಂಚು ಕಟ್ಟಿರುತ್ತಿತ್ತು. ನೀರಿನ ಮೇಲ್ಮೈ ತೋರಿಸಲು ಬೇಕಾದ, ಹಸಿಯ ಮೇಲೆ ಹಸಿ ಬಣ್ಣ ಹರಿಯುವ ಮೃದುತ್ವ ಹೀಗಾಗಿ ಸಿಗಲೇ ಇಲ್ಲ. ಶಿಕ್ಷಕಿ ಮೂರು ಬದಲಾವಣೆ ಮಾಡಿದರು. ಚಿತ್ರದ ಅವಧಿಯನ್ನು ಮಧ್ಯಾಹ್ನದಿಂದ ಪ್ರಾರ್ಥನೆ ಮುಗಿದ ಕೂಡಲಿನ ತಂಪಿನ ಹೊತ್ತಿಗೆ ತಂದರು; ಗಾಳಿ ಬರುವ ಕಡೆಯ ಕಿಟಕಿಯನ್ನು ಮುಚ್ಚಿಸಿದರು; ಒಂದು ಹಾಳೆಗೆ ಇಬ್ಬರನ್ನು ಕೂರಿಸಿ, ಒಬ್ಬರು ಒದ್ದೆ ಬಟ್ಟೆಯಿಂದ ಹಾಳೆ ತೇವ ಮಾಡುತ್ತಿದ್ದಂತೆ ಇನ್ನೊಬ್ಬರು ಬಣ್ಣ ಬಿಡುವಂತೆ ಮಾಡಿದರು. ಮೂರನೆಯದು ನನಗೆ ಬಹಳ ಹಿಡಿಸಿತು. ದೊಡ್ಡ ಮಗು ಮತ್ತು ಚಿಕ್ಕ ಮಗು ಒಂದೇ ಗುಂಪಿನಲ್ಲಿ ಕೂರುವ ನಲಿ-ಕಲಿಯ ಏರ್ಪಾಡು ಇಲ್ಲದಿದ್ದರೆ ಇದು ಇಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ.

ಅದೇ ಒಣಗಾಳಿ ಇನ್ನೊಂದು ಕಡೆ ನೆರವಾಯಿತು. ಮೈಯ ಬೂದಿನ ಮೇಲೆ ರೆಕ್ಕೆಯ ಗಾಢ ಗರಿಗಳನ್ನು ಬರೆಯಲು ಕೆಳಗಿನ ಪದರ ಪೂರ್ತಿ ಒಣಗಿರಬೇಕು. ಕಾಯುವುದು ಈ ವಯಸ್ಸಿಗೆ ಅತ್ಯಂತ ಕಠಿಣ. ಬೆರಳಿನಿಂದ ಮುಟ್ಟಿ ನೋಡಿಯೇ ಎಷ್ಟೋ ಚಿತ್ರಗಳು ಕೆಟ್ಟವು. ಕೊನೆಗೆ ಕುಂಚ ಕೆಳಗಿಟ್ಟು ಎರಡರಿಂದ ಐದರವರೆಗಿನ ಮಗ್ಗಿಯನ್ನು ಎಲ್ಲರೂ ಸೇರಿ ಹೇಳುವುದೆಂದಾಯಿತು. ಮಗ್ಗಿ ಮುಗಿಯುವಷ್ಟರಲ್ಲಿ ಹಾಳೆ ಒಣಗಿರುತ್ತಿತ್ತು. ತೇವದ ಮಲೆನಾಡಿನಲ್ಲಿ ಇದೇ ಉಪಾಯಕ್ಕೆ ಇಪ್ಪತ್ತರ ಮಗ್ಗಿಯೂ ಸಾಲದು.

ಕಾಗದದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಜಲವರ್ಣದ ಹಾಳೆ ಉಬ್ಬುವುದಿಲ್ಲ, ಉಜ್ಜಿದರೆ ಎಳೆ ಏಳುವುದಿಲ್ಲ, ಆದರೆ ಬೆಲೆ ಹೆಚ್ಚು. ದೊಡ್ಡ ಹಾಳೆಯನ್ನು ಪೋಸ್ಟ್‌ಕಾರ್ಡಿನ ಗಾತ್ರಕ್ಕೆ ಕತ್ತರಿಸಿ ಕೊಟ್ಟದ್ದರಿಂದ ಖರ್ಚು ಹಿಡಿತಕ್ಕೆ ಬಂತು, ಮಕ್ಕಳ ಗಮನ ಉಳಿಯುವ ಅವಧಿಯಲ್ಲಿ ಒಂದು ಚಿತ್ರ ಮುಗಿಯುವಂತೆಯೂ ಆಯಿತು. ಮೇಣಕ್ಕೆ ಮತ್ತು ಹಸಿ ಬಣ್ಣಕ್ಕೆ ಈ ಹಾಳೆ, ಪಾಟಿಯ ನಂತರದ ಮೊದಲ ಅಭ್ಯಾಸಕ್ಕೆ ಸಾಮಾನ್ಯ ಹಾಳೆ. ಎಲ್ಲದಕ್ಕೂ ಅಗ್ಗದ ಹಾಳೆಯನ್ನೇ ಕೊಟ್ಟು ಮಕ್ಕಳಿಗೆ ಕೈ ಬರುವುದಿಲ್ಲ ಎನ್ನುವುದು ಅನ್ಯಾಯ.

ಪಟ್ಟೆ ಇಲ್ಲದ ಹಕ್ಕಿ

ಮಕ್ಕಳ ಈ ಚಿತ್ರಗಳ ಪ್ರದರ್ಶನದ ದಿನ ಹತ್ತಿರವಾದಂತೆ ಒಂದು ವಿವಾದ ಎದ್ದಿತು. ಎರಡನೆಯ ತರಗತಿಯ ಹುಡುಗನೊಬ್ಬ ಬರೆದ ಹೆಬ್ಬಾತಿಗೆ ಪಟ್ಟೆಗಳೇ ಇರಲಿಲ್ಲ. ತಲೆಯ ಮುಂಭಾಗ ಮಾಸಲು ಬಿಳಿ, ಹಿಂಭಾಗದಲ್ಲಿ ಕಂದುಬೂದಿನ ಒಂದು ಮಬ್ಬು. ನೋಡಲು ಬಂದ ಶಾಲೆಯ ಹಿರಿಯರೊಬ್ಬರು ಪಟ್ಟೆತಲೆ ಹೆಬ್ಬಾತಿಗೆ ಪಟ್ಟೆ ಇಲ್ಲದಿದ್ದರೆ ಬಂದವರು ಏನೆಂದಾರು, ಎರಡು ಗೆರೆ ಹಾಕಿಸಿಬಿಡಿ ಎಂದರು. ಹುಡುಗ ಒಪ್ಪಲಿಲ್ಲ. "ಅದಕ್ಕ ಪಟ್ಟಿ ಇದ್ದಿದ್ದಿಲ್ರೀ ಅಕ್ಕೋರ, ನಾ ನೋಡೇನ್ರೀ" ಎಂಬ ಒಂದೇ ಮಾತು. ಶಿಕ್ಷಕಿ ಆಗ ತೀರ್ಪು ಕೊಡಲಿಲ್ಲ. ಮರುದಿನ ಬೆಳಿಗ್ಗೆ ದುರ್ಬೀನನ್ನು ಚೀಲದಿಂದ ತೆಗೆದು, ಆ ಹುಡುಗನನ್ನೂ ಇನ್ನು ಕೆಲವರನ್ನೂ ಕರೆದುಕೊಂಡು ಕೆರೆ ಏರಿಗೆ ಹೋದರು.

ಹುಡುಗ ಹೇಳಿದ್ದು ನಿಜ. ಹಿಂದಿನ ಬೇಸಿಗೆಯಲ್ಲಿ ಹುಟ್ಟಿ ಮೊದಲ ಸಲ ವಲಸೆ ಬಂದ ಎಳೆಯ ಹೆಬ್ಬಾತುಗಳಿಗೆ ಆ ಎರಡು ಕಪ್ಪು ಪಟ್ಟೆಗಳು ಇನ್ನೂ ಮೂಡಿರುವುದಿಲ್ಲ. ನೆತ್ತಿಯ ಹಿಂಭಾಗ ಮತ್ತು ಕತ್ತಿನ ಹಿಂಭಾಗ ಕಂದುಬೂದಾಗಿರುತ್ತದೆ. ದೊಡ್ಡ ಹಕ್ಕಿಗಳ ನಡುವೆ ಅಂಥ ಎಳೆಯವು ಅಲ್ಲಲ್ಲಿ ಕಂಡವು. ಪುಟ್ಟ ಮಕ್ಕಳ ಹಕ್ಕಿಚಿತ್ರಕ್ಕೆ ಅಂಕ ಹಾಕುವಾಗ ನಾವು ಸಾಮಾನ್ಯವಾಗಿ ನೋಡುವುದು ಅದು ನಮ್ಮ ಮನಸ್ಸಿನಲ್ಲಿರುವ ಮಾದರಿಗೆ ಹೊಂದುತ್ತದೆಯೇ ಎಂದು. ಕರಿಹಲಗೆಯ ಮೇಲೆ ಶಿಕ್ಷಕರು ಒಂದು ಹಕ್ಕಿ ಬರೆದು ಮಕ್ಕಳೆಲ್ಲ ಅದನ್ನು ನಕಲು ಮಾಡುವ ರೂಢಿ ಈ ತರಗತಿಯಲ್ಲೂ ಇದ್ದಿದ್ದರೆ ಆ ಹುಡುಗ ಕಂಡದ್ದು ಹಾಳೆಗೆ ಇಳಿಯುತ್ತಲೇ ಇರಲಿಲ್ಲ. ಶಿಕ್ಷಕಿ ಅವನ ಚಿತ್ರದ ಕೆಳಗೆ, ಇದು ಈ ವರ್ಷದ ಮರಿ, ಎಂದು ಅವನ ಕೈಯಲ್ಲೇ ಬರೆಯಿಸಿದರು. ಪ್ರದರ್ಶನಕ್ಕೆ ಬಂದ ರೈತರು ಹೆಚ್ಚು ಹೊತ್ತು ನಿಂತು ಮಾತಾಡಿದ್ದೂ ಆ ಚಿತ್ರದ ಮುಂದೆಯೇ, ಏಕೆಂದರೆ ಹೊಲದಲ್ಲಿ ಪಟ್ಟೆ ಇಲ್ಲದವನ್ನು ಅವರೂ ನೋಡಿದ್ದರು, ಅವು ಬೇರೆ ಜಾತಿಯೆಂದು ಕೆಲವರು ತಿಳಿದಿದ್ದರು.

ಗಮನಿಸಿದ ಬದಲಾವಣೆಗಳು

ತರಗತಿಯ ಎಲ್ಲ ಮಕ್ಕಳೂ ಒಂದೇ ಮಟ್ಟಕ್ಕೆ ಬಂದರೆಂದು ಹೇಳುವಂತಿಲ್ಲ. ಇಬ್ಬರು ಮೂವರು ಕೊನೆಯವರೆಗೂ ಗುಡ್ಡ ಮತ್ತು ಸೂರ್ಯನನ್ನು ಬಿಡಲಿಲ್ಲ. ಗುಡ್ಡದ ಮುಂದೆ ಮಲಗಿದ ಹೆಬ್ಬಾತು ಮಾತ್ರ ಸೊಗಸಾಗಿತ್ತು. ಕುಂಚ ತೊಳೆಯುವ ನೀರು ಬೇರೆ, ಬಣ್ಣಕ್ಕೆ ಬೆರೆಸುವ ನೀರು ಬೇರೆ ಎಂಬುದನ್ನು ಎಷ್ಟು ಹೇಳಿದರೂ ಕೆಲವರು ಒಂದೇ ಡಬ್ಬಿಯಲ್ಲಿ ಎರಡನ್ನೂ ಮಾಡಿದರು, ಅವರ ಹಕ್ಕಿಗಳೆಲ್ಲ ಕಂದಾದವು. ನೀರಿಗೆ ಕೆರೆಯ ಬಣ್ಣವನ್ನೇ ಹಚ್ಚಬೇಕೆಂದು ಯಾರ ಮೇಲೂ ಒತ್ತಾಯ ಹೇರಲಿಲ್ಲ; ನೀಲಿ ಹಚ್ಚಿದವರೂ ಇದ್ದರು. ಆದರೆ ಚಿತ್ರ ಆರಂಭಿಸುವ ರೀತಿ ಬದಲಾಯಿತು. ಮೊದಲೆಲ್ಲ ಹಾಳೆ ಸಿಕ್ಕ ಕೂಡಲೇ ಕುಂಚ ಅದ್ದುತ್ತಿದ್ದವರು ಈಗ ಒಂದು ಕ್ಷಣ ಹಾಳೆಯ ಮೇಲೆ ಬೆರಳಾಡಿಸಿ, ಇಲ್ಲಿ ತಲೆ, ಇಲ್ಲಿ ಬಣ್ಣ ಬೇಡ, ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವುದು ಕಂಡಿತು. ಬೀರುವಿನಲ್ಲಿದ್ದ ಬಿಳಿ ಬಿಲ್ಲೆಗಳನ್ನು ಶಿಕ್ಷಕಿ ಫೆಬ್ರುವರಿಯಲ್ಲಿ ಮರಳಿ ಕೊಟ್ಟಾಗ ಅವನ್ನು ಕೇಳಿ ಪಡೆದವರು ಕೆಲವರೇ, ಅದೂ ಮೈಮೇಲಿನ ಗರಿಗಳ ತೆಳ್ಳನೆಯ ಬಿಳಿ ಅಂಚಿಗೆ. ಅಷ್ಟು ಸಣ್ಣ ಅಂಚನ್ನು ಮೇಣದಲ್ಲಿ ಉಳಿಸಲಾಗದು, ಅಲ್ಲಿ ಬಿಳಿ ಬಿಲ್ಲೆಯ ಬಳಕೆ ಸರಿಯಾದದ್ದೇ.

ಹಾರುವ ಹೆಬ್ಬಾತನ್ನು ಈ ಚಳಿಗಾಲದಲ್ಲಿ ಕೈಗೆತ್ತಿಕೊಳ್ಳಲಿಲ್ಲ. ಸಂಜೆ ಕೆರೆಯಿಂದ ಹೊಲಗಳ ಕಡೆಗೆ ಸಾಲಾಗಿ ಏಳುವ ಹಕ್ಕಿಗಳನ್ನು ಬರೆಯಬೇಕೆಂದು ಮಕ್ಕಳು ಕೇಳಿದ್ದರು; ಬರೆದಾಗ ಅವೆಲ್ಲ ಆಕಾಶದಲ್ಲಿ ಇಟ್ಟ ಸರಿ-ಗುರುತುಗಳಾದವು. ಹಾರುವಾಗ ರೆಕ್ಕೆಯ ಮುಂಭಾಗ ತಿಳಿ ಬೂದಾಗಿ, ತುದಿ ಮತ್ತು ಹಿಂದಿನ ಅಂಚು ಕಪ್ಪಾಗಿ ಕಾಣುವುದರಿಂದ, ಚಪ್ಪಟೆ ಕುಂಚದ ಒಂದು ಮೂಲೆಗೆ ಗಾಢ ಬಣ್ಣ, ಇನ್ನೊಂದು ಮೂಲೆಗೆ ತಿಳಿ ಬಣ್ಣ ತೆಗೆದುಕೊಂಡು ಒಂದೇ ಎಳೆತದಲ್ಲಿ ರೆಕ್ಕೆಯನ್ನು ಬರೆಯಿಸಬಹುದೇ ಎಂದು ಶಿಕ್ಷಕಿಯೂ ನಾನೂ ಯೋಚಿಸುತ್ತಿದ್ದೇವೆ. ಈಗಿರುವ ಕುಂಚಗಳೆಲ್ಲ ದುಂಡನೆಯವು. ಮುಂದಿನ ನವೆಂಬರಿನ ಒಳಗೆ ಅರ್ಧ ಇಂಚಿನ ಚಪ್ಪಟೆ ಕುಂಚಗಳನ್ನು ಗುಂಪಿಗೆ ಒಂದರಂತೆ ತರಿಸಬೇಕಾಗಿದೆ.